ಹೆದರಿಕೆ ಕಳೆದರೆ ಲೆಕ್ಕ ಸಲೀಸು

ಒಂದು ಚಿಕ್ಕ ಲೆಕ್ಕ. ‘ಕ’ ಎಂದರೆ ಒಂದು, ‘ಖ’ ಎಂದರೆ ಎರಡು, ‘ಗ’ ಎಂದರೆ ಮೂರು. ವರ್ಣಮಾಲೆಯ ಕ್ರಮದಲ್ಲಿ ಹೀಗೆಯೇ ಮುಂದಕ್ಕೆ. ಈಗ ‘ಛ’ದಲ್ಲಿ ‘ಗ’ ಕಳೆದರೆ ಉಳಿಯುವುದೆಷ್ಟು? ಬೆರಳು ಮಡಿಸದೆ, ‘ಕ’ದಿಂದ ಮತ್ತೆ ಗುನುಗದೆ ಥಟ್ಟನೆ ಉತ್ತರ ಹೇಳುವವರು ವಿರಳ. ಅಕ್ಷರಗಳ ಕ್ರಮ ಬಾಯಿಪಾಠವಾಗಿದೆ, ಕಳೆಯುವುದೂ ಗೊತ್ತು, ಆದರೂ ತಡವರಿಕೆ. (ಉತ್ತರ ‘ಘ’.)

ಏಳರಲ್ಲಿ ಮೂರು ಹೋದರೆ ಎಷ್ಟು ಎಂದು ಕೇಳಿದಾಗ ನಾಲ್ಕು ವರ್ಷದ ಮಗುವಿನ ಪಾಡೂ ಇದೇ. ಒಂದರಿಂದ ನೂರರವರೆಗೆ ಗಡಗಡನೆ ಒಪ್ಪಿಸುವ ಮಗು, ‘ಆರು ಕಲ್ಲು ಕೊಡು’ ಎಂದರೆ ಒಂದು ಹಿಡಿ ಕಲ್ಲು ಮುಂದಿಡುತ್ತದೆ. ಬಾಯಿಪಾಠ ಬೇರೆ, ಸಂಖ್ಯೆಯ ಅರಿವು ಬೇರೆ ಎಂಬುದು ಅಲ್ಲಿ ಗೊತ್ತಾಗುತ್ತದೆ.

ಗೋಕಾಕ, ಅದರಿಂದ ಬೇರ್ಪಟ್ಟು ತಾಲ್ಲೂಕಾದ ಮೂಡಲಗಿ ಮತ್ತು ನೆರೆಯ ಹುಕ್ಕೇರಿಯ ಹಳ್ಳಿಗಳಲ್ಲಿ ಈ ಅರಿವನ್ನು ಮೊದಲು ಮೂಡಿಸಬೇಕಾದವರು ಅಂಗನವಾಡಿ ಕಾರ್ಯಕರ್ತೆಯರು. ಕಬ್ಬು, ಗೋವಿನಜೋಳದ ಹೊಲಗಳಿಗೆ ತಂದೆ ತಾಯಿ ದುಡಿಯಲು ಹೋದ ಹೊತ್ತಿನಲ್ಲಿ ಮೂರರಿಂದ ಆರು ವರ್ಷದ ಮಕ್ಕಳು ಅವರ ಮಡಿಲಲ್ಲಿರುತ್ತಾರೆ. ಆದರೆ ಗಣಿತ ಎಂದರೆ ಆ ಕಾರ್ಯಕರ್ತೆಗೇ ಅಳುಕಿದ್ದರೆ?

ಅನ್ನದಿಂದ ಅಕ್ಷರಕ್ಕೆ

ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದದ್ದು 1975ರ ಅಕ್ಟೋಬರ್ 2ರಂದು, ದೇಶದ 33 ಕಡೆಗಳಲ್ಲಿ. ಕರ್ನಾಟಕದಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ಅದರ ಮೊದಲ ನೆಲೆ. ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆಗಳ ಜೊತೆಗೆ ಶಾಲಾಪೂರ್ವ ಶಿಕ್ಷಣವೂ ಅದರ ಉದ್ದೇಶಗಳಲ್ಲಿತ್ತು. ಆದರೆ ಬಹುಕಾಲ ಅಂಗನವಾಡಿ ಎಂದರೆ ‘ಊಟದ ಮನೆ’ ಎಂಬ ಭಾವನೆಯೇ ಜನರಲ್ಲಿ ಉಳಿಯಿತು.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಕಾಲವನ್ನು ಕಲಿಕೆಯ ಬುನಾದಿ ಹಂತವೆಂದು ಗುರುತಿಸಿತು. 2021ರಲ್ಲಿ ಬಂದ ‘ನಿಪುಣ್ ಭಾರತ್’ ಓದು ಬರಹದಷ್ಟೇ ಮಹತ್ವವನ್ನು ಸಂಖ್ಯಾಜ್ಞಾನಕ್ಕೂ ಕೊಟ್ಟಿತು. 2023ರಲ್ಲಿ ಕೇಂದ್ರ ಸರ್ಕಾರ ‘ಪೋಷಣ್ ಭೀ ಪಢಾಯಿ ಭೀ’ ಎಂಬ ಹೆಸರಿನಲ್ಲಿ ಕಾರ್ಯಕರ್ತೆಯರ ತರಬೇತಿಗೆ ಕೈಹಾಕಿತು. ಹೀಗೆ ಹೊಣೆ ಬೆಳೆಯಿತು. ಅದನ್ನು ಹೊರಬೇಕಾದವರಲ್ಲಿ ಅನೇಕರು ಎಸ್ಸೆಸ್ಸೆಲ್ಸಿಯೇ ಸಾಕೆಂದಿದ್ದ ಕಾಲದಲ್ಲಿ ಕೆಲಸಕ್ಕೆ ಸೇರಿದವರು. ಆ ಪರೀಕ್ಷೆಯ ಗಣಿತದ ಪತ್ರಿಕೆ ಅವರ ನೆನಪಿನಲ್ಲಿ ಹೇಗೆ ಉಳಿದಿದೆಯೆಂದು ಬಿಡಿಸಿ ಹೇಳಬೇಕಾಗಿಲ್ಲ.

ಭಯವೂ ಪಾಠವಾಗುತ್ತದೆ

ಈ ಅಳುಕು ಕಾರ್ಯಕರ್ತೆಯ ಖಾಸಗಿ ಸಂಗತಿಯಾಗಿಯೇ ಉಳಿಯುವುದಿಲ್ಲ. ಅಮೆರಿಕದಲ್ಲಿ ಸಿಯಾನ್ ಬೈಲಾಕ್ ಮತ್ತು ಸಂಗಡಿಗರು 17 ಶಿಕ್ಷಕಿಯರ ಒಂದನೇ, ಎರಡನೇ ತರಗತಿಗಳನ್ನು ಒಂದು ವರ್ಷ ಗಮನಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಶಿಕ್ಷಕಿಗೆ ಗಣಿತದ ಭಯ ಹೆಚ್ಚಿದ್ದಲ್ಲಿ ವರ್ಷದ ಕೊನೆಗೆ ಹುಡುಗಿಯರು ‘ಗಣಿತ ಗಂಡುಮಕ್ಕಳ ವಿದ್ಯೆ’ ಎಂದು ನಂಬುವ ಸಂಭವ ಹೆಚ್ಚಿತ್ತು. ಹಾಗೆ ನಂಬಿದವರ ಕಲಿಕೆಯೂ ಹಿಂದೆ ಬಿದ್ದಿತ್ತು. ಹುಡುಗರ ಮೇಲೆ ಅಂಥ ಪರಿಣಾಮ ಕಾಣಲಿಲ್ಲ. ಅಂಗನವಾಡಿಗಳಲ್ಲಿ ಕಲಿಸುವವರೆಲ್ಲ ಮಹಿಳೆಯರೇ. ಊರಿನ ಹೆಣ್ಣುಮಗು ಮೊದಲು ಕಾಣುವ ಗುರು ಲೆಕ್ಕಕ್ಕೆ ಹೆದರಿದರೆ ಆ ಮಗು ಕಲಿಯುವುದೇನು ಎಂಬುದು ಯೋಚಿಸಬೇಕಾದ ಮಾತು.

ಭಯಪಟ್ಟವರು ಹಿಡಿಯುವ ದಾರಿಯೂ ಒಂದೇ: ಬಾಯಿಪಾಠ ಮತ್ತು ಪಾಟಿಯ ಮೇಲೆ ಅಂಕಿ ತಿದ್ದಿಸುವುದು. ಪಕ್ಕದ ಕಾನ್ವೆಂಟಿನ ಮಕ್ಕಳು ನೂರರವರೆಗೆ ಬರೆಯುವುದನ್ನು ಕಂಡ ಪಾಲಕರು ಕೇಳುವುದೂ ಅದನ್ನೇ. ಹೀಗಾಗಿ ಯಾರಿಗೂ ತಪ್ಪು ಕಾಣುವುದಿಲ್ಲ.

ಎಣಿಕೆಯ ಒಳಗೇನಿದೆ?

ಎಣಿಕೆ ನೋಡುವಷ್ಟು ಸರಳವಲ್ಲ. ರಾಚೆಲ್ ಗೆಲ್ಮನ್ ಮತ್ತು ಗ್ಯಾಲಿಸ್ಟಲ್ 1978ರಲ್ಲಿ ಅದರೊಳಗಿನ ಐದು ತತ್ತ್ವಗಳನ್ನು ಬಿಡಿಸಿ ತೋರಿಸಿದರು. ಒಂದು ವಸ್ತುವಿಗೆ ಒಂದೇ ಹೆಸರು; ಹೆಸರುಗಳ ಕ್ರಮ ಬದಲಾಗಬಾರದು; ಕೊನೆಗೆ ಹೇಳಿದ ಹೆಸರೇ ಒಟ್ಟು ಮೊತ್ತ; ಕಲ್ಲಾಗಲಿ ಚಪ್ಪಾಳೆಯಾಗಲಿ ಏನನ್ನಾದರೂ ಎಣಿಸಬಹುದು; ಯಾವ ಕಡೆಯಿಂದ ಎಣಿಸಿದರೂ ಮೊತ್ತ ಅಷ್ಟೇ. ಐದು ಬಳೆಗಳನ್ನು ಎಣಿಸಿದ ಮಗುವನ್ನು ‘ಒಟ್ಟು ಎಷ್ಟು?’ ಎಂದು ಕೇಳಿದಾಗ ಅದು ಮತ್ತೆ ಒಂದರಿಂದ ಶುರುಮಾಡಿದರೆ, ಮೂರನೆಯ ತತ್ತ್ವ ಇನ್ನೂ ಕೈಗೂಡಿಲ್ಲ ಎಂದರ್ಥ. ಇದನ್ನು ತಿಳಿದ ಕಾರ್ಯಕರ್ತೆ ಮಗುವನ್ನು ದಡ್ಡ ಎನ್ನುವುದಿಲ್ಲ. ಬಳೆಗಳನ್ನು ಮತ್ತೆ ಹರಡುತ್ತಾಳೆ.

ಭಾಷೆಯ ತೊಡಕೂ ಉಂಟು. ಕನ್ನಡದಲ್ಲಿ ಇಪ್ಪತ್ತಮೂರು ಎಂದಾಗ ಇಪ್ಪತ್ತು ಮೊದಲು, ಮೂರು ಆಮೇಲೆ. ಬರೆಯುವ ಕ್ರಮವೂ ಅದೇ. ಹನ್ನೊಂದು, ಹನ್ನೆರಡುಗಳಲ್ಲಿ ‘ಹತ್ತು’ ಮರೆಯಾಗಿರುವುದರಿಂದ ಅಲ್ಲಿ ಮಾತ್ರ ಮಗು ಎಡವಬಹುದು. ಮರಾಠಿಯಲ್ಲಿ ಇಪ್ಪತ್ತಮೂರಕ್ಕೆ ‘ತೇವೀಸ’, ಅಂದರೆ ಮೂರು ಮೊದಲು. 2019ರಲ್ಲಿ ಮಹಾರಾಷ್ಟ್ರದ ಎರಡನೇ ತರಗತಿಯ ಪುಸ್ತಕ ‘ವೀಸ ತೀನ’ ಎಂಬ ಸರಳ ರೂಪವನ್ನು ತಂದಾಗ ಅಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಎರಡೂ ನುಡಿ ಕಿವಿಗೆ ಬೀಳುವ ಗಡಿ ಜಿಲ್ಲೆಯಲ್ಲಿ ಮಗು 23ರ ಬದಲು 32 ಬರೆದರೆ ಅದರ ಹಿಂದೆ ಕಾರಣವಿರಬಹುದು.

ಗೊತ್ತಿದ್ದೂ ಗೊತ್ತಿಲ್ಲದ ಲೆಕ್ಕ

ಸೋಜಿಗವೆಂದರೆ ‘ನನಗೆ ಗಣಿತ ಬಾರದು’ ಎನ್ನುವ ಕಾರ್ಯಕರ್ತೆ ದಿನವೂ ಮಾಡುವುದು ಗಣಿತವನ್ನೇ. ಹುಟ್ಟಿದ ದಿನಾಂಕದಿಂದ ಮಗುವಿನ ವಯಸ್ಸನ್ನು ತಿಂಗಳುಗಳಲ್ಲಿ ಕಂಡುಹಿಡಿಯುತ್ತಾಳೆ. ತೂಕ ಮಾಡಿ ಬೆಳವಣಿಗೆಯ ನಕ್ಷೆಯಲ್ಲಿ ಚುಕ್ಕೆ ಇಡುತ್ತಾಳೆ. ಪರೀಕ್ಷೆಯಲ್ಲಿ ಬೆವರಿಳಿಸಿದ ‘ಗ್ರಾಫ್’ ಅದೇ. ತಲೆಗಿಷ್ಟು ಗ್ರಾಂ ಎಂದು ಧಾನ್ಯ ಅಳೆದು, ತಿಂಗಳ ದಾಸ್ತಾನು ತಾಳೆ ಹಾಕುತ್ತಾಳೆ.

ಆತ್ಮವಿಶ್ವಾಸದ ತರಬೇತಿ ಶುರುವಾಗಬೇಕಾದದ್ದು ಇಲ್ಲಿಂದ. ಉಪನ್ಯಾಸ ಕೇಳಿಸಿ ಕೈಪಿಡಿ ಕೊಟ್ಟು ಕಳಿಸಿದರೆ ಭಯ ಹಾಗೆಯೇ ಉಳಿಯುತ್ತದೆ. ಮೊದಲು ‘ಕ, ಖ, ಗ’ ಲೆಕ್ಕದಂಥ ಆಟದಲ್ಲಿ ಕಾರ್ಯಕರ್ತೆ ತಾನೇ ಮಗುವಾಗಿ ತಡವರಿಸಬೇಕು. ಬೆರಳು ಎಣಿಸುವುದು ದಡ್ಡತನವಲ್ಲ, ದಾರಿ ಎಂದು ಅವಳಿಗೆ ಅನಿಸಬೇಕು. ಆಮೇಲೆ ಒಂದು ಚಟುವಟಿಕೆಯನ್ನು ತನ್ನ ಕೇಂದ್ರದಲ್ಲಿ ಮಾಡಿನೋಡಿ, ಏನಾಯಿತೆಂದು ಮುಂದಿನ ಸಭೆಯಲ್ಲಿ ಜೊತೆಯವರಿಗೆ ಹೇಳಬೇಕು. ಸೋತದ್ದನ್ನೂ ಹೇಳುವ ಧೈರ್ಯ ಆ ಸಭೆಯಲ್ಲಿರಬೇಕು. ಮೇಲ್ವಿಚಾರಕಿ ತಪ್ಪು ಹುಡುಕಲು ಬಂದರೆ ಅದು ಸಾಧ್ಯವಾಗದು.

ಸಾಮಗ್ರಿಗಾಗಿ ದೂರ ಹೋಗಬೇಕಿಲ್ಲ. ಮರದ ಹಣ್ಣು ಕಾಯಿಗಳ ಆಟಿಕೆಗೆ ಗೋಕಾಕ ಹೆಸರಾದ ಊರು. ಅವನ್ನು ಬಣ್ಣ, ಗಾತ್ರಗಳ ಪ್ರಕಾರ ವಿಂಗಡಿಸುವುದೇ ಗಣಿತದ ಮೊದಲ ಪಾಠ. ಅಳಗುಳಿಮಣೆಯಲ್ಲಿ ಒಂದೊಂದು ಗುಳಿಗೆ ಒಂದೊಂದು ಹರಳು ಬಿಡುವುದು ಒಂದಕ್ಕೊಂದು ಹೊಂದಿಕೆ. ಚೌಕಾಬಾರಾದಲ್ಲಿ ಕವಡೆ ಬಿದ್ದಷ್ಟು ಮನೆ ನಡೆಸುವುದು ಎಣಿಕೆ. ಗೇಣು, ಮೊಳ, ಮಾರುಗಳಿಂದ ಅಂಗಳ ಅಳೆದರೆ ಅಕ್ಕೋರ ಮೊಳಕ್ಕೂ ಮಗುವಿನ ಮೊಳಕ್ಕೂ ಇರುವ ಅಂತರ ತಾನೇ ಪ್ರಶ್ನೆಯಾಗಿ ನಿಲ್ಲುತ್ತದೆ.

2007ರಲ್ಲಿ ಗ್ರೆಗ್ ಡಂಕನ್ ಮತ್ತಿತರರು ಅಮೆರಿಕ, ಬ್ರಿಟನ್, ಕೆನಡಾಗಳ ಆರು ದೀರ್ಘಕಾಲದ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರು. ಶಾಲೆಗೆ ಸೇರುವಾಗ ಮಗುವಿಗಿರುವ ಸಂಖ್ಯೆಯ ಅರಿವೇ ಅದರ ಮುಂದಿನ ಕಲಿಕೆಯನ್ನು ಎಲ್ಲಕ್ಕಿಂತ ಚೆನ್ನಾಗಿ ಸೂಚಿಸುತ್ತದೆಂದು ಅವರಿಗೆ ಕಂಡುಬಂತು. ಆ ಅರಿವು ಮೂಡಲು ಕರಿಹಲಗೆಯೇ ಬೇಕೆಂದಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ‘ಇನ್ನೂ ಎಷ್ಟು ತಾಟು ಬೇಕು, ನೋಡಿ ತಗೊಂಡು ಬಾ’ ಎಂದು ಒಂದು ಮಗುವನ್ನು ಕಳಿಸಿದರೆ ಸಾಕು. ಅದು ಸಾಲನ್ನು ನೋಡಿ, ಬೆರಳು ಮಡಿಸಿ, ಸರಿಯಾಗಿ ನಾಲ್ಕು ತಾಟು ತಂದಿತೆಂದರೆ ಅಂದಿನ ಗಣಿತ ಮುಗಿಯಿತು. ಮೂರೇ ತಂದರೂ ಚಿಂತೆಯಿಲ್ಲ; ಇನ್ನೊಬ್ಬರಿಗೆ ತಾಟು ಸಿಕ್ಕಿಲ್ಲವೆಂದು ಸಾಲಿನಲ್ಲಿ ಕೂತವರೇ ಕೂಗಿ ಹೇಳುತ್ತಾರೆ.