ಪರ್ಮನೆಂಟ್ ಎಂಬ ಹೊಸ ಜಾತಿ

ಸೇಂಟ್ ಲೂಸಿಯಾ ದ್ವೀಪದ ಆರ್ಥರ್ ಲೂಯಿಸ್‌ಗೆ ಎಂಜಿನಿಯರ್ ಆಗುವ ಆಸೆಯಿತ್ತು. ಆದರೆ ಕಪ್ಪು ಹುಡುಗನನ್ನು ಎಂಜಿನಿಯರ್ ಎಂದು ಸರ್ಕಾರವೂ ಇಟ್ಟುಕೊಳ್ಳುತ್ತಿರಲಿಲ್ಲ, ಬಿಳಿಯರ ಕಂಪನಿಗಳೂ ಇಟ್ಟುಕೊಳ್ಳುತ್ತಿರಲಿಲ್ಲ. ಹಾಗಾಗಿ 1933ರಲ್ಲಿ ವಿದ್ಯಾರ್ಥಿವೇತನ ಹಿಡಿದು ಲಂಡನ್ನಿಗೆ ವಾಣಿಜ್ಯ ಓದಲು ಹೋದರು. 1979ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರು ಬೆಳೆದ ಕಾಲದ ಕೆರಿಬಿಯನ್ ನಾಡುಗಳಲ್ಲಿ ಮೈಬಣ್ಣವೇ ಅಂತಸ್ತು. ಮೇಲೆ ಬಿಳಿಯರು, ನಡುವೆ ಮಿಶ್ರವರ್ಣದ ಗುಮಾಸ್ತರು, ಕೆಳಗೆ ಕಬ್ಬು ಕಡಿಯುವ ಕಪ್ಪು ಜನ. ಟ್ರಿನಿಡಾಡ್, ಗಯಾನಾಗಳಲ್ಲಾದರೆ ಅವರ ಪಕ್ಕದಲ್ಲೇ ಕಲ್ಕತ್ತಾ, ಮದ್ರಾಸುಗಳಿಂದ ಹಡಗು ಹತ್ತಿ ಬಂದ ನಮ್ಮವರು. ಹೊಲದಲ್ಲಿ ದುಡಿಮೆ ಸಾಲದ ಈ ಕೈಗಳಿಗೆ 1950ರಲ್ಲಿ ಲೂಯಿಸ್ ಒಂದು ದಾರಿ ಸೂಚಿಸಿದರು: ಹೊರಗಿನ ಬಂಡವಾಳವನ್ನು ಕರೆಯಿರಿ, ಸೌಕರ್ಯ ಕೊಡಿ, ತೆರಿಗೆ ಬಿಡಿ, ಕಾರ್ಖಾನೆ ಬರಲಿ. ಟೀಕಾಕಾರರು ಇದನ್ನು 'ಆಹ್ವಾನಿತ ಕೈಗಾರಿಕೀಕರಣ' ಎಂದು ಕರೆದರು.

ಲೂಯಿಸ್ ತಮಿಳುನಾಡಿನ ಹೊಸೂರಿನ ಹೆಸರು ಕೇಳಿರಲಿಕ್ಕಿಲ್ಲ. ಆದರೆ ಅವರು ಬರೆದದ್ದು ಅಕ್ಷರಶಃ ನಡೆದ ಊರುಗಳಲ್ಲಿ ಹೊಸೂರೂ ಒಂದು.

1965ರಲ್ಲಿ ಸೇಲಂ ಜಿಲ್ಲೆ ಒಡೆದು ಧರ್ಮಪುರಿ ಹುಟ್ಟಿದಾಗ ಹೊಸೂರು ಅದರ ಒಂದು ಮೂಲೆ. ರಾಗಿ, ಅವರೆ, ಹುರುಳಿ, ಅಲ್ಲಲ್ಲಿ ರೇಷ್ಮೆ. ಪೇಟೆಯಲ್ಲಿ ತೆಲುಗು, ತಮಿಳು, ಉರ್ದು; ತಳಿ, ದೇಂಕಣಿಕೋಟೆ, ಅಂಚೆಟ್ಟಿ ಕಡೆಗೆ ಹೋದರೆ ಕನ್ನಡ. ಮೇಲು ಕೀಳು ತಿಳಿಯಲು ಯಾರ ಸಂಬಳವನ್ನೂ ಕೇಳಬೇಕಿರಲಿಲ್ಲ, ಹೊಲ ಯಾರದೆಂದು ಕೇಳಿದರೆ ಸಾಕಿತ್ತು. ರೆಡ್ಡಿಗಳು, ಒಕ್ಕಲಿಗರು, ಲಿಂಗಾಯತರು ನೆಲದವರು. ದಲಿತ ಕೇರಿಯವರು ಆ ನೆಲದಲ್ಲಿ ಗೇಯುವವರು. ಕಾಡಂಚಿನ ಇರುಳರು ಈ ಲೆಕ್ಕಕ್ಕೇ ಬರುತ್ತಿರಲಿಲ್ಲ.

1971ರಲ್ಲಿ ಹುಟ್ಟಿದ, ತಮಿಳುನಾಡು ಸರ್ಕಾರದ ಕೈಗಾರಿಕಾ ನಿಗಮ ಸಿಪ್ಕಾಟ್ ಹೊಸೂರನ್ನು ಆರಿಸಿದ್ದಕ್ಕೆ ಕಾರಣ ಭೂಪಟ ನೋಡಿದರೆ ಗೊತ್ತಾಗುತ್ತದೆ. ಬೆಂಗಳೂರಿಗೆ ನಲವತ್ತು ಕಿಲೋಮೀಟರ್, ಆದರೆ ರಾಜ್ಯ ತಮಿಳುನಾಡು. ಜಿಲ್ಲೆ ಹಿಂದುಳಿದದ್ದು, ಆದ್ದರಿಂದ ರಿಯಾಯಿತಿ ಉಂಟು. ಹವೆ ತಂಪು, ನೆಲ ಅಗ್ಗ. 1980ರಲ್ಲಿ ಅಶೋಕ್ ಲೇಲ್ಯಾಂಡ್ ಬಂತು. ಅದೇ ವರ್ಷ ಹೊಸೂರಿನಲ್ಲಿ ತಯಾರಾದ ಟಿವಿಎಸ್ 50 ಮೊಪೆಡ್ ಮಾರುಕಟ್ಟೆಗಿಳಿಯಿತು. 1984ರಲ್ಲಿ ಟಾಟಾ ಮತ್ತು ತಮಿಳುನಾಡು ಸರ್ಕಾರದ ಟಿಡ್ಕೊ ಸೇರಿ ಟೈಟಾನ್ ಕಟ್ಟಿದವು.

ಟೈಟಾನ್ ಕತೆಯಲ್ಲಿ ತುಸು ನಿಲ್ಲಬೇಕು. ಗಡಿಯಾರ ಬಲ್ಲ ಹಿರಿಯರು ಬೆಂಗಳೂರಿನ ಎಚ್‌ಎಂಟಿಯಿಂದ ಬಂದರು. ಆದರೆ ಸಾಲಿನಲ್ಲಿ ಕೂತು ಜೋಡಿಸುವ ಕೈಗಳಿಗಾಗಿ ಟೈಟಾನ್ ಮುಖ್ಯಸ್ಥ ಝೆರ್ಕ್ಸಿಸ್ ದೇಸಾಯಿ ಅವರ ತಂಡ ಹಳ್ಳಿ ಶಾಲೆಗಳನ್ನು ಹುಡುಕಿಕೊಂಡು ಹೋಯಿತು. ಹದಿಹರೆಯ ದಾಟದ ಹುಡುಗ ಹುಡುಗಿಯರನ್ನು ಆರಿಸಿ ತಂದು, ಹೊಸೂರಿನಲ್ಲಿ ಇರಲು ಮನೆ ಮಾಡಿಕೊಟ್ಟು, ಕೆಲಸ ಕಲಿಸಿತು. ಅಂಗವಿಕಲರಿಗೂ ಸಾಲಿನಲ್ಲಿ ಜಾಗ ಸಿಕ್ಕಿತು. ಅಪ್ಪ ಯಾರ ಹೊಲದಲ್ಲಿ ಗೇಯುತ್ತಿದ್ದರು ಎಂದು ಆ ಬೆಂಚಿನ ಮೇಲೆ ಯಾರೂ ಕೇಳಲಿಲ್ಲ. ಚಿಮುಟದಲ್ಲಿ ಮುಳ್ಳು ಹಿಡಿಯುವಾಗ ಕೈ ನಡುಗದಿದ್ದರೆ ಆಯಿತು.

ಹೀಗೆ ಒಂದು ತಲೆಮಾರು ನಿಜವಾಗಿ ಮೇಲೆ ಹೋಯಿತು. ತಿಂಗಳ ಸಂಬಳ, ಪಿಎಫ್, ಸಾಲದ ಮೇಲೆ ಸೈಟು, ಮಕ್ಕಳಿಗೆ ಇಂಗ್ಲಿಷ್ ಶಾಲೆ. ಹೆಣ್ಣು ಕೊಡುವವರ ಮನೆಯಲ್ಲಿ 'ಎಷ್ಟು ಎಕರೆ?' ಎಂಬ ಪ್ರಶ್ನೆಯ ಪಕ್ಕದಲ್ಲಿ ಇನ್ನೊಂದು ಪ್ರಶ್ನೆ ಬಂದು ಕೂತಿತು: 'ಪರ್ಮನೆಂಟಾ?'

ಆ ಒಂದು ಪದ ಊರನ್ನು ಹೊಸದಾಗಿ ಸೀಳಿತು. ಉದಾರೀಕರಣದ ನಂತರದ ವರ್ಷಗಳಲ್ಲಿ ಕಂಪನಿಗಳು ಪರ್ಮನೆಂಟ್ ಕೊಡುವುದನ್ನು ಕಡಿಮೆ ಮಾಡುತ್ತ, ಅಪ್ರೆಂಟಿಸ್, ಟ್ರೈನಿ, ಕಾಂಟ್ರಾಕ್ಟ್ ಎಂದು ಬಗೆಬಗೆಯ ಹೆಸರಿನಲ್ಲಿ ಆಳು ತೆಗೆದುಕೊಂಡವು. ಒಂದೇ ಸಾಲು, ಒಂದೇ ನಟ್ಟು, ಸಂಬಳ ಬೇರೆ. ಜಮೈಕಾದಲ್ಲಿ 1950ರ ದಶಕದಲ್ಲಿ ಬಾಕ್ಸೈಟ್ ಗಣಿ ಬಂದಾಗಲೂ ಹೀಗೇ ಆಗಿತ್ತು. ಗಣಿಯಲ್ಲಿ ಕೆಲಸ ಸಿಕ್ಕ ಕೆಲವರು ಒಳ್ಳೆಯ ಸಂಬಳದ ಪುಟ್ಟ ವರ್ಗವಾದರು, ಕಬ್ಬಿನ ಗದ್ದೆಯ ಕೂಲಿ ಬಹಳ ಹಿಂದೆ ಉಳಿಯಿತು. ಹೊಸೂರಿನಲ್ಲಿ ವ್ಯತ್ಯಾಸವಿಷ್ಟೇ: ಎರಡು ವರ್ಗಗಳೂ ಒಂದೇ ಕ್ಯಾಂಟೀನಿನಲ್ಲಿ ಉಣ್ಣುತ್ತವೆ.

ಹೆಂಗಸರ ದಾರಿ ಬೇರೆ. 1989ರಲ್ಲಿ ವಿಶ್ವಸಂಸ್ಥೆಯ ಕೃಷಿ ನಿಧಿ ಐಫಾಡ್ ನೆರವಿನ ಮಹಿಳಾ ಅಭಿವೃದ್ಧಿ ಯೋಜನೆ ತಮಿಳುನಾಡಿನಲ್ಲಿ ಮೊದಲು ಕಾಲಿಟ್ಟದ್ದು ಧರ್ಮಪುರಿಯಲ್ಲೇ. ಟಿಬೆಟನ್ ನಿರಾಶ್ರಿತರಿಗೆ ನೆಲೆ ಮಾಡಿಕೊಡಲು 1968ರಲ್ಲಿ ಕರ್ನಾಟಕದಲ್ಲಿ ಶುರುವಾದ ಮೈರಾಡ ಸಂಸ್ಥೆ ಆ ಹೊತ್ತಿಗೆ ಇಲ್ಲಿನ ಹಳ್ಳಿಗಳಲ್ಲಿ ಮಹಿಳಾ ಸಂಘ ಕಟ್ಟುತ್ತಿತ್ತು. ಆ ಸಂಘದ ಮನೆಗಳ ಹುಡುಗಿಯರೇ ಟೈಟಾನ್‌ಗೆ ವಾಚಿನ ಪಟ್ಟಿ ಜೋಡಿಸಿಕೊಡುವ 'ಮೆಡೋ' ಎಂಬ ಕಂಪನಿ ಮಾಡಿಕೊಂಡರು. ಕೆಲಸ ಮಾಡುವವರೇ ಅದರ ಒಡತಿಯರು. ನನ್ನ ಮಟ್ಟಿಗೆ ಹೊಸೂರಿನ ಇಡೀ ಕೈಗಾರಿಕಾ ಚರಿತ್ರೆಯಲ್ಲಿ ಅತ್ಯಂತ ಸ್ವಾರಸ್ಯದ ಪ್ರಯೋಗ ಇದೇ. ಅದರ ಮಾದರಿ ಊರೂರಿಗೆ ಹಬ್ಬಲಿಲ್ಲ ಎಂಬುದು ಬೇಸರದ ಸಂಗತಿ.

ಕನ್ನಡ ಮಾಧ್ಯಮದಲ್ಲಿ ಓದಿದ ತಳಿಯ ಹುಡುಗ ಇನ್ನೊಂದು ಬಾಗಿಲು ದಾಟಬೇಕು. ಶಾಲೆಗಳಲ್ಲಿ ತಮಿಳನ್ನು ಕಡ್ಡಾಯ ಮಾಡಿದ 2006ರ ತಮಿಳು ಕಲಿಕೆ ಕಾಯ್ದೆ ಒಂದನೆಯ ತರಗತಿಯಿಂದ ಹಂತಹಂತವಾಗಿ ಮೇಲೇರಿ 2015-16ಕ್ಕೆ ಹತ್ತನೆಯ ತರಗತಿ ಮುಟ್ಟಿತು. ತಮಿಳು ಪತ್ರಿಕೆಯಿಂದ ವಿನಾಯಿತಿ ಕೇಳಿ ಭಾಷಾ ಅಲ್ಪಸಂಖ್ಯಾತರು ಮದ್ರಾಸ್ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಅಲೆದರು. ತಮಿಳು ಕಲಿತರೆ ಕೆಲಸಕ್ಕೆ ಒಳ್ಳೆಯದೇ, ಅದರಲ್ಲಿ ತಕರಾರಿಲ್ಲ. ಆದರೆ ಕಲಿಸುವ ಮೇಷ್ಟ್ರು ಸಾಲದ ಶಾಲೆಯಲ್ಲಿ ಕಡ್ಡಾಯವೆಂದರೆ ಅದರ ಪೆಟ್ಟು ಬೀಳುವುದು ಬಡ ಮಕ್ಕಳಿಗೇ. ಕಾಸಿದ್ದವರ ಮಕ್ಕಳು ಇಂಗ್ಲಿಷ್ ಮಾಧ್ಯಮಕ್ಕೋ, ಗಡಿ ದಾಟಿ ಆನೇಕಲ್ಲಿಗೋ ಹೋಗುತ್ತಾರೆ.

ಇನ್ನು ಜಾತಿ. ಕಾರ್ಖಾನೆಯ ಬೆಂಚಿನ ಮೇಲೆ ಕೇಳದ ಪ್ರಶ್ನೆಯನ್ನು ಊರು ಮರೆತಿರಲಿಲ್ಲ. 2012ರ ನವೆಂಬರ್ 7ರಂದು, ಅಷ್ಟರಲ್ಲಿ ಪಕ್ಕದ ಜಿಲ್ಲೆಯಾಗಿದ್ದ ಧರ್ಮಪುರಿಯಲ್ಲಿ, ಒಂದು ಅಂತರ್ಜಾತಿ ಮದುವೆಯ ನೆಪದಲ್ಲಿ ಮೂರು ದಲಿತ ಕಾಲೊನಿಗಳಿಗೆ ಬೆಂಕಿ ಇಟ್ಟರು. ಉರಿದದ್ದರಲ್ಲಿ ಬೆಂಗಳೂರಿಗೆ ಹೋಗಿ ದುಡಿದ ಹಣದಲ್ಲಿ ಕಟ್ಟಿದ ಮನೆಗಳಿದ್ದವು, ಬೈಕುಗಳಿದ್ದವು, ಬೀರುಗಳನ್ನು ಒಡೆದಿದ್ದರು. ಕೋಪ ಮದುವೆಯ ಮೇಲಷ್ಟೇ ಇರಲಿಲ್ಲ. 2018ರ ನವೆಂಬರಿನಲ್ಲಿ ಹೊಸೂರಿಗೆ ಹತ್ತಿರದ ಒಂದೇ ಹಳ್ಳಿಯ ದಲಿತ ಯುವಕ ಮತ್ತು ಬೇರೆ ಜಾತಿಯ ಯುವತಿ, ಮದುವೆಯಾಗಿ ಹೊಸೂರಿನಲ್ಲಿ ಬಾಳು ಶುರುಮಾಡಿದ್ದವರು, ಶಿವನಸಮುದ್ರದ ಬಳಿ ಕಾವೇರಿಯಲ್ಲಿ ಶವವಾಗಿ ಸಿಕ್ಕರು. ಹುಡುಗಿಯ ತಂದೆ ಮತ್ತು ಬಂಧುಗಳನ್ನು ಪೊಲೀಸರು ಹಿಡಿದರು.

2004ರಲ್ಲಿ ಕೃಷ್ಣಗಿರಿ ಬೇರೆ ಜಿಲ್ಲೆಯಾಯಿತು, 2019ರಲ್ಲಿ ಹೊಸೂರು ಮಹಾನಗರ ಪಾಲಿಕೆಯಾಯಿತು. ಈಗ ಟಾಟಾ ಎಲೆಕ್ಟ್ರಾನಿಕ್ಸ್ ಇಲ್ಲಿ ಐಫೋನಿನ ಬಿಡಿಭಾಗ ಮಾಡುತ್ತದೆ. ಸಾಲಿನಲ್ಲಿ ಸಾವಿರಾರು ಹುಡುಗಿಯರು, ಬಹಳ ಮಂದಿ ಹಾಸ್ಟೆಲ್ ವಾಸಿಗಳು, ಜಾರ್ಖಂಡಿನ ಆದಿವಾಸಿ ಊರುಗಳಿಂದಲೂ ಬಂದವರು. ಇತ್ತ ಉದ್ದನಪಳ್ಳಿ, ನಾಗಮಂಗಲ ಕಡೆಯ ರೈತರು ಸಿಪ್ಕಾಟ್‌ಗೆ ಇನ್ನಷ್ಟು ನೆಲ ಬಿಡುವುದಿಲ್ಲವೆಂದು 2023ರಲ್ಲಿ ತಿಂಗಳುಗಟ್ಟಲೆ ಧರಣಿ ಕೂತರು.

ಲೂಯಿಸ್ 1954ರಲ್ಲಿ ಇನ್ನೊಂದು ಮಾತು ಬರೆದಿದ್ದರು. ಹಳ್ಳಿಯಲ್ಲಿ ಮಿಗುವ ಕೈಗಳೆಲ್ಲ ಮುಗಿಯುವವರೆಗೆ ಕಾರ್ಖಾನೆಯ ಕೂಲಿ ಏರುವುದಿಲ್ಲ, ಮುಗಿದ ಮೇಲೆ ಏರಲೇಬೇಕು ಎಂದು. ಅವರ ಮನಸ್ಸಿನಲ್ಲಿದ್ದದ್ದು ಸುತ್ತ ಸಮುದ್ರವಿರುವ ದ್ವೀಪಗಳಷ್ಟೇ ಅಲ್ಲ, ಅದು ನಿಜ. ಹೊರಗಿನಿಂದ ಆಳು ಬರುವ ಸಾಧ್ಯತೆಯನ್ನೂ ಅವರು ಬಲ್ಲವರಾಗಿದ್ದರು. ತಳಿಯ ಹುಡುಗಿ ರಾತ್ರಿ ಪಾಳಿ ಒಲ್ಲೆ ಎಂದರೆ ಈಗ ಜಾರ್ಖಂಡಿನಿಂದ ರೈಲಿದೆ. ಜಾರ್ಖಂಡ್ ಮುಗಿಯಲು ಇನ್ನೂ ಬಹಳ ವರ್ಷ ಬೇಕು.