ಯಾವ ಉಪ್ಪು ಒಳ್ಳೇದು? ಮೊದಲು ಒಂದೇ ಸಾಂದ್ರತೆಗೆ ತನ್ನಿ

ಹವಳದ ಟ್ಯಾಂಕ್ ಇಟ್ಟಿರೋರು ನನ್ನನ್ನ ಕೇಳೋದು ಒಂದೇ ಪ್ರಶ್ನೆ: ಯಾವ ಕಂಪನಿ ಉಪ್ಪು ತಗೊಳ್ಳಲಿ? ಉತ್ತರಕ್ಕೆ ಮುಂಚೆ ನನ್ನ ಎಡವಟ್ಟು ಹೇಳಿಬಿಡ್ತೀನಿ.

ಮನೆ ಹಾಲ್‌ನಲ್ಲಿ ನೂರು ಲೀಟರ್ ಟ್ಯಾಂಕ್ ಇದೆ. ಒಂದು ಸಲ ನಾನು ಬಳಸ್ತಿದ್ದ ಉಪ್ಪು ಸಿಗಲಿಲ್ಲ. ಅಂಗಡಿಯವರು "ಎಲ್ಲಾ ಒಂದೇ, ಇದು ಇನ್ನೂ ಸ್ಟ್ರಾಂಗ್" ಅಂತ ಬೇರೆ ಬಕೆಟ್ ಕೊಟ್ಟರು. ನಂಬಿ, ಒಂದೇ ದಿನ ಅರ್ಧ ನೀರು ಬದಲಾಯಿಸಿದೆ. ಸಂಜೆಗೆ ಜೋಆಂಥಿಡ್‌ಗಳು ಮುಚ್ಚಿಕೊಂಡವು. ಲೆದರ್ ಕೋರಲ್ ಬಾಗಿದ್ದು ಮತ್ತೆ ಏಳಲೇ ಇಲ್ಲ.

ಆಮೇಲೆ ಅಳೆದು ನೋಡಿದೆ. ಹಳೆ ನೀರಿನ ಆಲ್ಕಲಿನಿಟಿ 8 ಡಿಕೆಎಚ್, ಹೊಸದರದ್ದು 12. ಅರ್ಧರ್ಧ ಬೆರೆತರೆ 10. ಬಿ.ಕಾಂ.ನಲ್ಲಿ ವೆಯ್ಟೆಡ್ ಆವರೇಜ್ ಬರೆದು ಪಾಸಾದವನಿಗೆ ಇದು ಮೊದಲೇ ಹೊಳೀಬೇಕಿತ್ತು. ತಿಂಗಳುಗಟ್ಟಲೆ ಅಲುಗಾಡದೆ ಇದ್ದ ಸಂಖ್ಯೆ ಅರ್ಧ ಗಂಟೆಯಲ್ಲಿ ಜಿಗಿದರೆ ಹವಳ ತಡೆಯೋದು ಕಷ್ಟ.

ಆ ಉಪ್ಪು ಕೆಟ್ಟದ್ದಾ? ಅಲ್ಲ. ಸಹಜ ಸಮುದ್ರದ ನೀರಲ್ಲಿ ಆಲ್ಕಲಿನಿಟಿ ಸುಮಾರು 7 ಡಿಕೆಎಚ್, ಕ್ಯಾಲ್ಸಿಯಂ 420 ಪಿಪಿಎಂ ಆಸುಪಾಸು, ಮೆಗ್ನೀಷಿಯಂ 1300ರ ಹತ್ತಿರ. ಕೆಲವು ಉಪ್ಪು ಇದಕ್ಕೆ ಹತ್ತಿರ ಇರುತ್ತೆ, ಕೆಲವು ಬೇಕಂತಲೇ ಜಾಸ್ತಿ. ರೆಡ್ ಸೀ ಕಂಪನಿಯ ಮಾಮೂಲಿ ಉಪ್ಪಿನಲ್ಲಿ ಸುಮಾರು 8, ಅದೇ ಕಂಪನಿಯ ಕೋರಲ್ ಪ್ರೋನಲ್ಲಿ ಸುಮಾರು 12. ವೇಗವಾಗಿ ಬೆಳೆಯೋ ಕಲ್ಲುಹವಳ ಆಲ್ಕಲಿನಿಟಿಯನ್ನ ತಿಂದು ಹಾಕುತ್ತೆ, ಅಂಥ ಟ್ಯಾಂಕಿಗೆ ಎರಡನೇದು. (ನಮ್ಮ ಸಮುದ್ರದ ಕಲ್ಲುಹವಳಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಕಿತ್ತು ತಂದಿದ್ದನ್ನ ಯಾರು ಕೊಟ್ಟರೂ ಮುಟ್ಟಬೇಡಿ.)

ಈಗ ನಾನು ಹೋಲಿಸೋ ರೀತಿ. ಮೊದಲು ಬಕೆಟ್ ಚೆನ್ನಾಗಿ ಉರುಳಿಸ್ತೀನಿ, ಯಾಕಂದ್ರೆ ಸಾಗಾಟದಲ್ಲಿ ಹರಳುಗಳು ಬೇರೆಬೇರೆ ಆಗಿರುತ್ತವೆ, ಮೇಲಿನ ಒಂದು ಚಮಚ ಇಡೀ ಬಕೆಟ್‌ನ ಕಥೆ ಹೇಳಲ್ಲ. ಟಿಡಿಎಸ್ ಸೊನ್ನೆ ಇರೋ ಆರ್‌ಒ-ಡಿಐ ನೀರಿಗೆ ಉಪ್ಪು ಹಾಕ್ತೀನಿ. ಉಪ್ಪಿನ ಮೇಲೆ ನೀರು ಸುರಿದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಗಟ್ಟಿಯಾಗಿ ತಳ ಸೇರಬಹುದು. ಪಂಪ್ ಇಟ್ಟು ಕಲಕಿ, 25 ಡಿಗ್ರಿಗೆ ತಂದು, ಎರಡೂ ಉಪ್ಪನ್ನು ಸರಿಯಾಗಿ 35 ಪಿಪಿಟಿಗೆ ತಂದ ಮೇಲೇ ಟೆಸ್ಟ್. ಇಲ್ಲೇ ಎಲ್ಲರೂ ಜಾರೋದು. ಒಂದು 33, ಇನ್ನೊಂದು 36 ಇದ್ದರೆ ಎರಡನೇದರಲ್ಲಿ ಎಲ್ಲವೂ ಜಾಸ್ತಿ ಕಾಣುತ್ತೆ, ಆಗ ನೀವು ಹೋಲಿಸ್ತಿರೋದು ಉಪ್ಪನ್ನಲ್ಲ, ನಿಮ್ಮ ಕೈ ಅಳತೆಯನ್ನ. ರಿಫ್ರಾಕ್ಟೋಮೀಟರ್‌ನ ಬರೀ ಆರ್‌ಒ ನೀರಲ್ಲಿ ಸೊನ್ನೆಗೆ ಸೆಟ್ ಮಾಡಿದರೆ ಸಾಲದು, 35ರ ದ್ರಾವಣದಲ್ಲೂ ನೋಡಿ. ಒಂದೇ ಟೆಸ್ಟ್ ಕಿಟ್, ಎರಡೆರಡು ಸಲ.

ಬೆಲೆನೂ ಹೀಗೇ. ಕೆಜಿ ದರ ನೋಡಬೇಡಿ, ಲೀಟರ್ ದರ ನೋಡಿ. ಲೆಕ್ಕಕ್ಕೆ ಹೇಳ್ತೀನಿ: ಒಂದು ಉಪ್ಪು ಕೆಜಿಗೆ 300 ರೂಪಾಯಿ, ಲೀಟರಿಗೆ 40 ಗ್ರಾಂ ಬೇಕು. ಲೀಟರಿಗೆ 12 ರೂಪಾಯಿ ಆಯ್ತು. ಇನ್ನೊಂದು 320 ರೂಪಾಯಿ, ಆದರೆ 36 ಗ್ರಾಂ ಸಾಕು. 11 ರೂಪಾಯಿ 52 ಪೈಸೆ. ದುಬಾರಿ ಅನ್ನಿಸಿದ್ದೇ ಅಗ್ಗ! ಬಾಯಿ ತೆರೆದಿಟ್ಟ ಬಕೆಟ್ ತೇವ ಎಳೆದುಕೊಂಡರೆ ಈ ಲೆಕ್ಕ ಕೆಡುತ್ತೆ, ಆಗ ನೀವು ತೂಗ್ತಿರೋದು ನೀರನ್ನೂ ಸೇರಿಸಿ.

ಆ ಸ್ಟ್ರಾಂಗ್ ಬಕೆಟ್ ನಾನು ಎಸೆಯಲಿಲ್ಲ. ವಾರಕ್ಕೆ ಹತ್ತೇ ಲೀಟರ್ ಬದಲಿಸ್ತಾ, ಪ್ರತಿ ಸಲ ಆಲ್ಕಲಿನಿಟಿ ಬರೆದಿಡ್ತಾ ಖಾಲಿ ಮಾಡಿದೆ. ಜೋಆಂಥಿಡ್‌ಗಳು ಐದನೇ ದಿನ ತೆರೆದವು.