ಎರಡು ಲೆಕ್ಕಪುಸ್ತಕ, ಎರಡು ಖಾಲಿ ವರ್ಷ

2010ರ ಏಪ್ರಿಲ್ ತಿಂಗಳಲ್ಲಿ ನಾನು ಮೆಲ್ಬರ್ನ್‌ನಲ್ಲಿ ಮಗನ ಮನೆಯಲ್ಲಿದ್ದೆ. ಒಂದು ಬೆಳಿಗ್ಗೆ ಅವನು ಪತ್ರಿಕೆಯನ್ನು ನನ್ನ ಮುಂದೆ ಹರಡಿ, 'ಅಪ್ಪ, ಆಟದ ಪುಟದಲ್ಲಿ ಇವತ್ತು ನಿಮ್ಮ ಕಸುಬಿನ ಸುದ್ದಿ ಬಂದಿದೆ, ನೋಡಿ' ಎಂದ. ಬದುಕಿನ ಬಹುಭಾಗವನ್ನು ಅಂಗಡಿ, ಗಿರಣಿ, ಸಹಕಾರ ಸಂಘಗಳ ಲೆಕ್ಕ ಪರಿಶೋಧಿಸುತ್ತ ಕಳೆದವನು ನಾನು. ರಗ್ಬಿ ನನಗೆ ತಿಳಿಯದು. ಆದರೆ ಆ ಸುದ್ದಿ ತಿಳಿಯಲು ಆಟ ಗೊತ್ತಿರಬೇಕಾಗಿರಲಿಲ್ಲ. ಮೆಲ್ಬರ್ನ್ ಸ್ಟಾರ್ಮ್ ಎಂಬ ಕ್ಲಬ್ಬು ಎರಡು ಲೆಕ್ಕ ಇಟ್ಟು ಸಿಕ್ಕಿಬಿದ್ದಿತ್ತು.

ತಂಡಕ್ಕೆ ಹದಿಮೂರು ಜನರಂತೆ ಆಡುವ 'ರಗ್ಬಿ ಲೀಗ್' ಎಂಬ ಆಟವನ್ನು ನಮ್ಮವರಿಗೆ ವಿವರಿಸುವುದಾದರೆ, ಕಬಡ್ಡಿಯ ಹಿಡಿತವನ್ನೂ ಮೊಟ್ಟೆಯಾಕಾರದ ಚೆಂಡನ್ನೂ ಒಟ್ಟಿಗೆ ನೆನೆಸಿಕೊಂಡರೆ ಸಾಕು. ಸಿಡ್ನಿ ಮತ್ತು ಬ್ರಿಸ್ಬೇನ್‌ಗಳಲ್ಲಿ ಅದು ಮನೆಮಾತು. ಸಿಡ್ನಿಯ ಸೇಂಟ್ ಜಾರ್ಜ್ ಕ್ಲಬ್ಬು 1956ರಿಂದ 1966ರವರೆಗೆ ಸತತ ಹನ್ನೊಂದು ವರ್ಷ ಪ್ರಶಸ್ತಿ ಗೆದ್ದಿತ್ತು. ಇನ್ನೊಂದು ತುದಿಯಲ್ಲಿ, ನ್ಯೂಟೌನ್ ಎಂಬ ಹಳೆಯ ಕ್ಲಬ್ಬು ಹಣದ ಮುಗ್ಗಟ್ಟಿನಿಂದಾಗಿ 1983ರ ಋತುವಿನ ನಂತರ ಲೀಗಿನಿಂದಲೇ ಹೊರಬಿತ್ತು. ಉಳ್ಳವರು ಕೊಳ್ಳುತ್ತ ಹೋದರೆ ಇಲ್ಲದವರು ಉಳಿಯಲಾರರು ಎಂಬುದು ಅರಿವಾದ ಮೇಲೆ 1990ರಲ್ಲಿ ಸಂಬಳದ ಮಿತಿ ಜಾರಿಗೆ ಬಂದಿತು. ಒಂದು ಕ್ಲಬ್ಬು ತನ್ನ ಆಟಗಾರರೆಲ್ಲರಿಗೂ ಸೇರಿ ವರ್ಷಕ್ಕೆ ಇಂತಿಷ್ಟೇ ಕೊಡಬೇಕು, ಅದಕ್ಕಿಂತ ಹೆಚ್ಚು ಕೂಡದು ಎಂಬುದು ನಿಯಮದ ತಿರುಳು. ನಿಯಮ ತಕ್ಕಮಟ್ಟಿಗೆ ಫಲ ಕೊಟ್ಟಿತೆಂದೇ ಹೇಳಬೇಕು. 2001ರಿಂದ 2006ರವರೆಗಿನ ಆರು ವರ್ಷಗಳಲ್ಲಿ ಆರು ಬೇರೆ ಬೇರೆ ಕ್ಲಬ್ಬುಗಳು ಪ್ರಶಸ್ತಿ ಗೆದ್ದವು.

ಆದರೆ ಚಾಪೆಯ ಕೆಳಗೆ ತೂರುವವರಿದ್ದರೆ ರಂಗೋಲಿಯ ಕೆಳಗೆ ತೂರುವವರೂ ಇರುತ್ತಾರೆ. ಸ್ಟಾರ್ಮ್ ಕ್ಲಬ್ಬಿನ ಆಡಳಿತಗಾರರು ಒಂದು ಒಪ್ಪಂದವನ್ನು ಲೀಗಿನ ಕಚೇರಿಗೆ ಸಲ್ಲಿಸಿ, ಹೆಚ್ಚಿನ ಹಣದ ಭರವಸೆಯಿದ್ದ ಇನ್ನೊಂದು ಪತ್ರವನ್ನು ಬಚ್ಚಿಟ್ಟಿದ್ದರು. ಐದು ವರ್ಷಗಳ ಕಾಲ ಹೀಗೇ ನಡೆಯಿತು. ಮೊದಲಿಗೆ ಸುಮಾರು 17 ಲಕ್ಷ ಡಾಲರ್ ಎನ್ನಲಾಗಿದ್ದ ಗುಪ್ತ ಪಾವತಿ, ತನಿಖೆ ಮುಗಿಯುವಾಗ 30 ಲಕ್ಷ ದಾಟಿತ್ತು. ಏಪ್ರಿಲ್ 22ರಂದು ಲೀಗಿನ ಮುಖ್ಯಸ್ಥ ಡೇವಿಡ್ ಗ್ಯಾಲಪ್ ಶಿಕ್ಷೆ ಪ್ರಕಟಿಸಿದರು. 2007 ಮತ್ತು 2009ರ ಪ್ರಶಸ್ತಿಗಳು ರದ್ದಾದವು. ಸುಮಾರು 17 ಲಕ್ಷ ಡಾಲರ್ ದಂಡ ಬಿದ್ದಿತು. ಅದರಲ್ಲಿ 11 ಲಕ್ಷದಷ್ಟು ಬಹುಮಾನದ ಹಣವಾಗಿದ್ದು, ಉಳಿದ ಹದಿನೈದು ಕ್ಲಬ್ಬುಗಳಿಗೆ ಅದನ್ನು ಹಂಚಬೇಕೆಂದಾಯಿತು. ಆ ವರ್ಷ ಅದುವರೆಗೆ ಗಳಿಸಿದ್ದ ಅಂಕಗಳು ಹೋದವು. ಮುಂದಿನ ಪಂದ್ಯಗಳನ್ನು ಗೆದ್ದರೂ ಅಂಕವಿಲ್ಲ ಎಂದಾಯಿತು.

ಇಲ್ಲಿ ಓದುಗರು ಗಮನಿಸಬೇಕಾದ ಒಂದು ಸಂಗತಿಯಿದೆ. ಸ್ಟಾರ್ಮ್ ಕ್ಲಬ್ಬಿನ ಒಡೆತನ ನ್ಯೂಸ್ ಲಿಮಿಟೆಡ್ ಸಂಸ್ಥೆಯದಾಗಿತ್ತು. ಆ ಕಾಲದಲ್ಲಿ ಲೀಗಿನ ಅರ್ಧ ಪಾಲುದಾರನೂ ಅದೇ ಸಂಸ್ಥೆ. ತನ್ನ ಕ್ಲಬ್ಬಿನಲ್ಲಿ ನಡೆದದ್ದು ತನಗೆ ತಿಳಿದಿರಲಿಲ್ಲವೆಂದು ಸಂಸ್ಥೆ ಹೇಳಿತು. ಆದರೂ ನಿಯಮ ಮಾಡುವವನೂ ನಿಯಮಕ್ಕೆ ಒಳಪಡಬೇಕಾದವನೂ ಒಬ್ಬನೇ ಆಗಿರುವ ಏರ್ಪಾಟನ್ನು ಯಾವ ಲೆಕ್ಕಪರಿಶೋಧಕನೂ ಸರಿಯೆನ್ನಲಾರ.

ಮೂರು ದಿನಗಳ ಬಳಿಕ ನಾವು ದೂರದರ್ಶನದಲ್ಲಿ ಆ ತಂಡದ ಪಂದ್ಯ ನೋಡಿದೆವು. ಗೆದ್ದರೆ ಸಿಗುವುದೇನೂ ಇರಲಿಲ್ಲ. ಆದರೂ ಆ ಹುಡುಗರು ಎದುರಾಳಿ ವಾರಿಯರ್ಸ್ ತಂಡವನ್ನು 40-6ರಿಂದ ಸೋಲಿಸಿದರು. ಆ ಋತುವಿನಲ್ಲಿ ಅವರು ಒಟ್ಟು 14 ಪಂದ್ಯ ಗೆದ್ದು ಪಟ್ಟಿಯ ಕಟ್ಟಕಡೆಯಲ್ಲಿ ಉಳಿದರು. ಲೆಕ್ಕ ಬರೆದವರು ಆಡಳಿತ ಕಚೇರಿಯವರು. ಮೈದಾನದಲ್ಲಿ ತಲೆತಗ್ಗಿಸಿ ನಿಂತವರು ಆಟಗಾರರು, ಅಭಿಮಾನಿಗಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಲ್ಲವೆ ಎಂದು ನಾನು ಕೇಳಿದೆ. ಮಗ ಒಪ್ಪಲಿಲ್ಲ. 'ಎದುರು ಆಡಿ ಸೋತವರ ಮಾತನ್ನು ಯಾರೂ ಆಡುತ್ತಿಲ್ಲವಲ್ಲ ಅಪ್ಪ' ಎಂದ. ಆ ಮಾತು ನನ್ನನ್ನು ಬಹಳ ಹಿಂದಕ್ಕೆ ಒಯ್ದಿತು.

ನಾನು ಕಸುಬು ಕಲಿಯುತ್ತಿದ್ದ ಕಾಲ. ಮಧ್ಯ ಕರ್ನಾಟಕದ ವ್ಯಾಪಾರಸ್ಥರ ಊರೊಂದರಲ್ಲಿ ದೊಡ್ಡ ಅಂಗಡಿಯೊಂದರ ಲೆಕ್ಕ ನೋಡುತ್ತಿದ್ದೆ. ಗಲ್ಲಾಪೆಟ್ಟಿಗೆಯ ಕೆಳಗೆ ಕೆಂಪು ಬಟ್ಟೆಯ ಹೊದಿಕೆಯ ಇನ್ನೊಂದು ಪುಸ್ತಕ ಕಣ್ಣಿಗೆ ಬಿತ್ತು. ಬಿಲ್ಲಿಲ್ಲದೆ, ಬಿಳಿ ಚೀಟಿಯ ಮೇಲೆ ಮಾರಿದ ಸರಕೆಲ್ಲ ಅದರಲ್ಲಿತ್ತು. ನನ್ನ ಹಿರಿಯರು, 'ಇದರಿಂದ ಯಾರ ಮನೆ ಹಾಳಾಯಿತು? ಸರ್ಕಾರಕ್ಕೆ ನಾಲ್ಕು ಕಾಸು ಕಡಿಮೆಯಾಯಿತು, ಅಷ್ಟೇ ತಾನೇ' ಎಂದರು. ನಾನು ಸುಮ್ಮನಾದೆ. ಅದೇ ಬೀದಿಯಲ್ಲಿ ಪ್ರತಿ ಸರಕಿಗೂ ಬಿಲ್ಲು ಹರಿದು ಮಾರಾಟ ತೆರಿಗೆ ಕಟ್ಟುತ್ತಿದ್ದ ಸಣ್ಣ ವ್ಯಾಪಾರಿಯೊಬ್ಬರಿದ್ದರು. ಅವರ ಬೆಲೆ ಯಾವಾಗಲೂ ಸ್ವಲ್ಪ ಹೆಚ್ಚು. ಎರಡು ವರ್ಷಗಳಲ್ಲಿ ಅವರ ಅಂಗಡಿ ಬಾಗಿಲು ಹಾಕಿತು. ಅವರಿಗೆ ವ್ಯಾಪಾರ ಬರುವುದಿಲ್ಲವೆಂದು ಊರವರು ಆಡಿಕೊಂಡರು. ಕಾರಣ ಬಲ್ಲವರಲ್ಲಿ ನಾನೂ ಒಬ್ಬನಾಗಿದ್ದೆ. ಹಾಳಾದ ಮನೆ ಯಾರದೆಂದು ನನ್ನ ಹಿರಿಯರಿಗೆ ಹೇಳುವ ಧೈರ್ಯ ನನಗೆ ಆಗಲೂ ಬರಲಿಲ್ಲ.

ಸಂಬಳದ ಮಿತಿಯನ್ನು ವಿರೋಧಿಸುವವರ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಆಟಗಾರನ ವೃತ್ತಿಯ ಆಯುಸ್ಸು ಹತ್ತು ಹನ್ನೆರಡು ವರ್ಷ. ಮೂಳೆ ಮುರಿದರೆ ಅದೂ ಇಲ್ಲ. ದುಡಿಮೆಯ ಬೆಲೆಗೆ ಮೇಲಿನಿಂದ ಗೆರೆ ಎಳೆದಾಗ ಒಳ್ಳೆಯ ಆಟಗಾರರು ಬೇರೆಡೆ ನೋಡುತ್ತಾರೆ. ಸಾನಿ ಬಿಲ್ ವಿಲಿಯಮ್ಸ್ 2008ರಲ್ಲಿ ಒಪ್ಪಂದ ಮುರಿದು ಫ್ರಾನ್ಸಿಗೆ ಹೋದದ್ದು ಇದಕ್ಕೆ ಉದಾಹರಣೆ. ಮಿತಿ ತೀರ ಕಡಿಮೆಯೆನಿಸಿದರೆ ಅದನ್ನು ಏರಿಸಬೇಕೆಂದು ಬಹಿರಂಗವಾಗಿ ವಾದಿಸಲು ಅವಕಾಶವಿದೆ. ಮಿತಿ ಮುಂದೆ ಏರಿತು ಕೂಡ. ಎಲ್ಲರೊಡನೆ ಸಹಿ ಹಾಕಿ, ಎಲ್ಲರೂ ಪಾಲಿಸುತ್ತಾರೆಂದು ನಂಬಿ, ತಾನೊಬ್ಬ ಮಾತ್ರ ಮುರಿಯುವುದು ಬೇರೆಯೇ ವಿಷಯ. ಉಳಿದವರ ಪ್ರಾಮಾಣಿಕತೆಯನ್ನೇ ಅದು ಬಂಡವಾಳ ಮಾಡಿಕೊಳ್ಳುತ್ತದೆ.

ಸ್ಟಾರ್ಮ್ ಇಂಥ ಮೊದಲ ಪ್ರಕರಣವಾಗಿರಲಿಲ್ಲ. 2002ರಲ್ಲಿ ಸಿಡ್ನಿಯ ಬುಲ್‌ಡಾಗ್ಸ್ ತಂಡ ಸತತ ಹದಿನೇಳು ಪಂದ್ಯ ಗೆದ್ದು ಅಗ್ರಸ್ಥಾನದಲ್ಲಿತ್ತು. 'ಸಿಡ್ನಿ ಮಾರ್ನಿಂಗ್ ಹೆರಾಲ್ಡ್' ಪತ್ರಿಕೆಯ ಕೇಟ್ ಮೆಕ್ಲಿಮಾಂಟ್ ಮತ್ತು ಆ್ಯನ್ ಡೇವಿಸ್ ಎಂಬ ವರದಿಗಾರ್ತಿಯರು ಅದರ ಗುಪ್ತ ಪಾವತಿಗಳನ್ನು ಬಯಲಿಗೆಳೆದರು. 37 ಅಂಕ ಕಳೆದುಕೊಂಡು, 5 ಲಕ್ಷ ಡಾಲರ್ ದಂಡ ತೆತ್ತು ತಂಡ ಕೊನೆಯ ಸ್ಥಾನಕ್ಕೆ ಕುಸಿಯಿತು. ಶಿಕ್ಷೆ ಕಠಿಣವಾಗಿತ್ತು, ಪಾಠ ಮಾತ್ರ ಯಾರಿಗೂ ಹತ್ತಲಿಲ್ಲ.

ಪಾಠ ಹತ್ತಲಿಲ್ಲವೆನ್ನಲು ಪ್ಯಾರಾಮ್ಯಾಟ ಈಲ್ಸ್ ಕ್ಲಬ್ಬಿಗಿಂತ ಬೇರೆ ಸಾಕ್ಷಿ ಬೇಡ. 2009ರ ಅಂತಿಮ ಪಂದ್ಯದಲ್ಲಿ ಸ್ಟಾರ್ಮ್ ಎದುರು 23-16ರಿಂದ ಸೋತವರು ಇವರೇ. 1986ರ ಬಳಿಕ ಪ್ರಶಸ್ತಿಯನ್ನೇ ಕಾಣದ ಕ್ಲಬ್ಬಿದು. ಮೋಸ ಬಯಲಾದಾಗ ಲೀಗು ಆ ಪ್ರಶಸ್ತಿಯನ್ನು ಇವರಿಗೂ ಕೊಡಲಿಲ್ಲ. 2009ರ ಎದುರಿನ ಜಾಗ ಖಾಲಿ ಉಳಿಯಿತು. ಅನ್ಯಾಯದ ನೋವನ್ನು ಇವರಷ್ಟು ಬಲ್ಲವರು ಇನ್ನಾರಿದ್ದರು? ಆದರೆ 2016ರಲ್ಲಿ ಇವರೇ ಸಿಕ್ಕಿಬಿದ್ದರು. 12 ಅಂಕಗಳು ಹೋದವು, 10 ಲಕ್ಷ ಡಾಲರ್ ದಂಡವಾಯಿತು, ಐವರು ಆಡಳಿತಗಾರರ ನೋಂದಣಿ ರದ್ದಾಯಿತು. ಸರಕು ಪೂರೈಸುವವರಿಂದ ಉಬ್ಬಿಸಿದ ಬಿಲ್ಲು ಪಡೆದು, ಹೆಚ್ಚಿನ ಹಣವನ್ನು ಆಟಗಾರರಿಗೆ ತಲುಪಿಸುತ್ತಿದ್ದರೆಂಬ ವಿವರ ಓದಿದಾಗ ನನಗೆ ಅಚ್ಚರಿಯಾಗಲಿಲ್ಲ. ಆ ಬಿಲ್ಲುಗಳನ್ನು ನಾನು ಕನ್ನಡದಲ್ಲೇ ಓದಿದ್ದೆ. ಪಕ್ಕದವನು ಮಾಡಿ ಗೆದ್ದ, ನಾವೇಕೆ ಮಾಡಬಾರದು ಎಂಬ ಯೋಚನೆ ಹೀಗೆಯೇ ಬೀದಿಯಿಂದ ಬೀದಿಗೆ ದಾಟುತ್ತದೆ.

ಎರಡನೆಯ ಪುಸ್ತಕ ಮಾಡುವ ದೊಡ್ಡ ಹಾನಿ ಇದೇ. ಅದು ಎಲ್ಲರ ಮೊದಲನೆಯ ಪುಸ್ತಕವನ್ನೂ ಅನುಮಾನಕ್ಕೆ ಗುರಿಮಾಡುತ್ತದೆ. 2021ರಿಂದ 2024ರವರೆಗೆ ಪೆನ್ರಿತ್ ಕ್ಲಬ್ಬು ಸತತ ನಾಲ್ಕು ಪ್ರಶಸ್ತಿ ಗೆದ್ದಿತು. ಬಹುಪಾಲು ತನ್ನ ಊರಿನ ಹುಡುಗರನ್ನೇ ಬೆಳೆಸಿ ಕಟ್ಟಿದ ತಂಡವದು. ಮಿತಿಯೊಳಗಿದ್ದೂ ಮೇಲೇಳಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗದು. ಆದರೆ ಇಂಥ ಇತಿಹಾಸವಿರುವ ಕಡೆ ಯಾವುದೇ ತಂಡ ನಾಲ್ವರು ಒಳ್ಳೆಯ ಆಟಗಾರರನ್ನು ಒಟ್ಟಿಗೆ ಉಳಿಸಿಕೊಂಡರೂ ಜನ ಮೊದಲು ಕೇಳುವುದು 'ಹೇಗೆ ಸಾಧ್ಯವಾಯಿತು' ಎಂದು.

ಇದು ನಮಗೆ ದೂರದ ಮಾತೆಂದು ಭಾವಿಸಬೇಕಾಗಿಲ್ಲ. ಐಪಿಎಲ್‌ನಲ್ಲೂ ಪ್ರತಿ ತಂಡದ ಖರ್ಚಿಗೆ ಮಿತಿಯಿದೆ. 2011, 2014, 2018 ಮತ್ತು 2022ರ ದೊಡ್ಡ ಹರಾಜುಗಳು ನಡೆದದ್ದು ನಮ್ಮ ಬೆಂಗಳೂರಿನಲ್ಲೇ. 2010ರ ಹರಾಜಿನಲ್ಲಿ ಕೀರನ್ ಪೊಲಾರ್ಡ್ ಅವರನ್ನು ಮುಚ್ಚಿದ ಲಕೋಟೆಯ ಬಿಡ್ಡಿನಲ್ಲಿ ಕೊಂಡಾಗ ಮಿತಿಯ ಮೇಲಿನ ಆ ಮೊತ್ತವನ್ನು ಸಾರ್ವಜನಿಕರಿಗೆ ತಿಳಿಸಲಿಲ್ಲ. ಅದು ನಿಯಮಬದ್ಧವೇ ಆಗಿತ್ತು. ಆದರೂ ಮಿತಿಯೆಂಬುದು ಎಲ್ಲರಿಗೂ ಕಾಣುವಂತಿದ್ದಾಗ ಮಾತ್ರ ಮಿತಿ ಎಂಬುದನ್ನು ನಾವು ಮರೆಯಬಾರದು.

ಸ್ಟಾರ್ಮ್ 2012ರಲ್ಲಿ ಮತ್ತೆ ಪ್ರಶಸ್ತಿ ಗೆದ್ದಿತು. ಈಲ್ಸ್ ಅಭಿಮಾನಿಗಳು ಇನ್ನೂ ಕಾಯುತ್ತಿದ್ದಾರೆ. ದಂಡದ ಹಣವನ್ನು ಹದಿನೈದು ಪಾಲು ಮಾಡಿ ಹಂಚಬಹುದು. 2009ರ ಆ ಸಂಜೆಯನ್ನು ಹಂಚಲು ಬರುವುದಿಲ್ಲ. ನಾನು ಸುಮ್ಮನಿದ್ದ ಆ ಊರಿನ ಬೀದಿಯಲ್ಲೂ ಹಾಗೆಯೇ. ಮುಚ್ಚಿದ ಆ ಅಂಗಡಿ ಮತ್ತೆ ತೆರೆಯಲಿಲ್ಲ.